ಪಪ್ಪನ ಪಾದ ಹಾಕಿದ ತಾಳ

ಫಿಸಿಯೋಥೆರಪಿಯ ಹುಡುಗಿ ಪಪ್ಪನ ಪಾದವನ್ನು ಫಕ್ಕನೆ ಮೇಲಕ್ಕೆ ಬಾಗಿಸಿ ಹಿಡಿದಳು. ಪಾದ ಟಕಟಕಟಕ ಎಂದು ತಾನಾಗಿಯೇ ಕುಣಿಯತೊಡಗಿತು. ಅತ್ತಾವರದ ಆ ಆಸ್ಪತ್ರೆಯ ಕೋಣೆಯಲ್ಲಿ ನಾವೆಲ್ಲ ಮಂಚದ ಹತ್ತಿರ ಬಗ್ಗಿದೆವು. ತಾರಸಿಯಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾದ ಮೇಲೆ ಆ ಕಾಲು ಅಲುಗಿರಲೇ ಇಲ್ಲ. ಮದುವೆಯ ಬ್ಯಾಂಡಿನಲ್ಲಿ ಟ್ರಂಪೆಟ್ ಊದುವಾಗ ಪಪ್ಪ ಹೀಗೇ ಪಾದ ಕುಟ್ಟುತ್ತಿದ್ದರು. ಮಮ್ಮಿ ಶಿಲುಬೆಯ ಗುರುತು ಮಾಡಿ, ಮದುವೆಯ ಮುನ್ನಾದಿನ ತೆಂಗಿನ ಹಾಲು ಹಚ್ಚುವಾಗ ಹೇಳುವ ರೋಸಿನ ಹಾಡನ್ನು ಆ ತಾಳಕ್ಕೆ ಗುನುಗತೊಡಗಿದರು.

“ಆಂಟಿ, ಅದು ಅಂಕಲ್ ಮಾಡುವುದಲ್ಲ,” ಎಂದಳು ಹುಡುಗಿ, ಮೆಲ್ಲನೆ. “ಮೀನಖಂಡವನ್ನು ಫಕ್ಕ ಎಳೆದರೆ ಅದು ಬೆನ್ನುಹುರಿಗೆ ಸುದ್ದಿ ಮುಟ್ಟಿಸ್ತದೆ. ಬಿಗಿಯಾಗು ಅಂತ ಅಲ್ಲಿಂದಲೇ ಉತ್ತರ ಬರ್ತದೆ, ಮತ್ತೆ ಎಳೆತ, ಮತ್ತೆ ಉತ್ತರ. ಮೆದುಳನ್ನು ಕೇಳುವುದೇ ಇಲ್ಲ.”

ಮಮ್ಮಿಯ ಹಾಡು ನಿಂತಿತು. ಪಪ್ಪ ಮಾತ್ರ ತಮ್ಮದೇ ಪಾದವನ್ನು ಹೊಸಬನೊಬ್ಬನನ್ನು ನೋಡುವ ಹಾಗೆ ನೋಡುತ್ತಿದ್ದರು. ಆಮೇಲೆ ಮಮ್ಮಿಗೆ ಹೇಳಿದರು: “ನಾನಲ್ಲವಂತೆ. ಆದರೆ ತಾಳ ಸರಿ ಉಂಟು ಮಾರಾಯ್ತಿ, ನೀನು ಹಾಡು.”

ಈಗ ಶಕ್ತಿನಗರದ ಮನೆಯಲ್ಲಿ ವ್ಯಾಯಾಮ ಮಾಡಿಸುವುದು ನಾನು. ಪಾದ ಬಾಗಿಸಿದಾಗ ಆ ತಾಳ ಮತ್ತೆ ಶುರುವಾಗುತ್ತದೆ. ಅದು ಪಪ್ಪನಲ್ಲ ಎಂದು ಗೊತ್ತು. ಆದರೂ ಅದು ನಿಲ್ಲುವವರೆಗೆ ಮಮ್ಮಿ ಹಾಡುತ್ತಾರೆ.