ತಂತಿ ಬೇಲಿಗೆ ಬಂದು ನಿಂತ ಚರಗ

ನವಲಗುಂದದ ಕಡೆಯ ನಮ್ಮ ಹೊಲಕ್ಕೆ ಹೋಗಬೇಕಾದರೆ ಕಾಕಾನ ಹೊಲ ದಾಟಲೇಬೇಕು. ಕಾಕಾ ಅಂದರೆ ರಕ್ತಸಂಬಂಧವಲ್ಲ, ಬಾಜೂ ಹೊಲದವರು. ಬಿತ್ತುವಾಗ ಅವರು ಬದುವಿನ ಗುಂಟ ಒಂದು ಬಂಡಿ ಹೋಗುವಷ್ಟು ನೆಲವನ್ನು ಬಿತ್ತದೆ ಬಿಡುತ್ತಿದ್ದರು. ನಾವು ಮೊದಲ ಹಸಿ ಕಡಲೆ ಸುಲಗಾಯಿಯನ್ನು ಅವರ ಮನೆಗೆ ಕೊಟ್ಟು ಬರುತ್ತಿದ್ದೆವು. ಅಜ್ಜನ ಕಾಲದಿಂದ ಇಷ್ಟೇ ಕರಾರು. ಯಾವ ನಕಾಶೆಯಲ್ಲೂ ಆ ಹಾದಿ ಇಲ್ಲ.

ಕಾಕಾ ಹೊಲವನ್ನು ಸೋಲಾರ್ ಕಂಪನಿಗೆ ಲೀಸಿಗೆ ಕೊಟ್ಟರು. ಅದಕ್ಕೆ ನನ್ನ ತಕರಾರಿಲ್ಲ. ಬಿಸಿಲು ನಮ್ಮಲ್ಲಿ ಬೇಕಾದಷ್ಟಿದೆ, ಕರೆಂಟು ಯಾರಿಗೆ ಬೇಡ? "ಇವರ ಬಂಡಿ ಹಾದಿ ಬಿಡ್ರಿ" ಎಂದು ಕಾಕಾ ಹೇಳಿದರು, ಅಳೆಯಲು ಬಂದವ "ಹೂಂ" ಅಂದ. ನಮ್ಮ ಮಂದಿಗೆ ಹೂಂ ಅಂದರೆ ಮುಗಿಯಿತು! ನಾವು ಕಡಲೆ ಬಿತ್ತಿ ಬಂದ ಮೇಲೆ ಆ ಹಾದಿಯನ್ನೂ ಒಳಗೆ ಹಾಕಿಕೊಂಡು ತಂತಿ ಬೇಲಿ ಎದ್ದಿತು.

ಎಳ್ಳಮವಾಸ್ಯೆಯ ದಿನ ಅವ್ವ ಸಜ್ಜಿ ರೊಟ್ಟಿ, ಪುಂಡಿಪಲ್ಲೆ, ಹೋಳಿಗೆ ಮಾಡಿ ಬುಟ್ಟಿ ಹಿಡಿದು ಬಂಡಿ ಹತ್ತಿದಳು. ಬೆಳೆ ಹೊತ್ತ ಭೂಮಿ ಬಸುರಿ. ಅವತ್ತು ಆ ಅಡುಗೆಯನ್ನು ಹೊಲದ ತುಂಬ ಚರಗವೆಂದು ಚೆಲ್ಲಿ ಅವಳಿಗೆ ಉಣಿಸಿದ ಮೇಲೆಯೇ ನಮ್ಮ ಊಟ. ಅವ್ವ ಒಂದು ವರ್ಷವೂ ತಪ್ಪಿಸಿದವಳಲ್ಲ.

ಗೇಟಿನ ಕಾವಲುಗಾರ "ಆರ್ಡರ್ ಇಲ್ರಿ" ಅಂದ. ಫೋನ್ ಹಚ್ಚಿ ನನ್ನ ಕೈಗೆ ಕೊಟ್ಟ. ಆ ಕಡೆಯಿಂದ ಅವನ ಸಾಹೇಬ, "ಇಷ್ಟು ಪಾಲು ಕರೆಂಟು ಬಿಸಿಲಿನಿಂದಾನ ಬರಬೇಕಂತ ಸರಕಾರದ ಕಾಯ್ದೆ ಐತ್ರಿ. ಕೆಲಸ ಅಗದಿ ಅರ್ಜೆಂಟ್ ಐತಿ."

"ಬರ್ಲಿ ಬಿಡ್ರಿ! ನಿಮ್ಮ ಬಿಸಲಾ ನಾವೇನ್ ಬುಟ್ಟ್ಯಾಗ ಹಾಕ್ಕೊಂಡು ಒಯ್ತೀವೇನ್ರಿ? ಹಾದಿ ಕೇಳಾಕತ್ತೀವಿ!"

ಫೋನ್ ಕಟ್ಟಾಯಿತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುವುದು ಸುಳ್ಳಲ್ಲ. ಹಳ್ಳದ ಕಡೆಯಿಂದ ಸುತ್ತಿ ಹೋಗೋಣವೆಂದರೆ ಎರೆಮಣ್ಣಿನ ಕೆಸರು, ಗಾಲಿ ಹೂತು ಹೋಗುತ್ತದೆ.

ಅಷ್ಟರಲ್ಲಿ ಕಾಕಾನೂ ಬುಟ್ಟಿ ಹಿಡಿದು ಬಂದರು, ತಮ್ಮ ಹೊಲಕ್ಕೆ ಚರಗ ಚೆಲ್ಲಲು.

"ಹೊಲ ನಂದೈತಿ, ಗೇಟ್ ತಗೀಲೇ!"

ಅವರಿಗೂ ಆರ್ಡರ್ ಇರಲಿಲ್ಲ. ಕಾಕಾ ಸಿಟ್ಟಿನಿಂದ, ಚರಗ ಚೆಲ್ಲುವಾಗ ಕೂಗುವಂತೆ "ಹುಲಿಗ್ಯೋ" ಎಂದು ಕೂಗಿ ತಂತಿಯ ಮೇಲಿಂದ ಒಂದು ಮುಷ್ಟಿ ಎಸೆದರು. ಅನ್ನ, ಪಲ್ಲೆ ಹೋಗಿ ಸೋಲಾರ್ ಪ್ಲೇಟಿಗೆ ಮೆತ್ತಿಕೊಂಡವು. ಕಾವಲುಗಾರ ಓಡಿಹೋಗಿ ಅರಿವೆಯಿಂದ ಒರೆಸಿದ.

ಅವ್ವ ನೋಡಿದಳು. ಬುಟ್ಟಿಯ ಗಂಟು ಬಿಚ್ಚಲಿಲ್ಲ.

"ಬಂಡಿ ಹಿಂದಕ್ಕ ಹೊಡಿ," ಅಂದಳು. "ಬಸರ ಹೆಂಗಸು ಅಲ್ಲಿ ಹಸದು ಕುಂತಾಳ. ನಾವು ಹೆಂಗ ಉಣ್ಣೂಣು?"

ಆ ಹೋಳಿಗೆಯನ್ನು ಮನೆಯಲ್ಲಿ ಯಾರೂ ಮುಟ್ಟಲಿಲ್ಲ.