ಇಂಗ್ಲೆಂಡಿನ ಗಡಿಕಲ್ಲಿಗೆ ನನ್ನನ್ನು ಕುಕ್ಕಿದ್ದು

ನಾನು ಇಂಗ್ಲೆಂಡ್ ನೋಡಿದವನಲ್ಲ. ಆದರೂ ಅಲ್ಲಿನ ಒಂದು ಹಳ್ಳಿಯ ಗಡಿಗಾಗಿ ಅಮೆರಿಕದ ವುಡಿನ್‌ವಿಲ್‌ನ ನಮ್ಮ ಮನೆಯ ಮುಂದೆ, ಹಾಡುಹಗಲಲ್ಲಿ, ಸ್ವಂತ ಅತ್ತೆಯ ಕೈಯಿಂದ ಕುಕ್ಕಿಸಿಕೊಂಡಿದ್ದೇನೆ. ಇದನ್ನು ಹೇಳಿದರೆ ನಂಬುವವರು ಕಡಿಮೆ.

ಎಲ್ಲದಕ್ಕೂ ಕಾರಣ ಪಕ್ಕದ ಮನೆಯ ಅಜ್ಜಿ. ವಿಮಾನದ ಇಂಜಿನಿಯರೊಬ್ಬರನ್ನು ಮದುವೆಯಾಗಿ ಇಲ್ಲಿಗೆ ಬಂದವರು. ಗಂಡ ತೀರಿಕೊಂಡು ಬಹಳ ಕಾಲವಾಯಿತು. ಹುಟ್ಟಿದ್ದು ಇಂಗ್ಲೆಂಡಿನ ಬೇಸಾಯದ ಹಳ್ಳಿಯಲ್ಲಿ. ಅವರು ಹೇಳುವ ಊರಿನಲ್ಲಿ ಕುದುರೆಗಳು ನೇಗಿಲು ಎಳೆಯುತ್ತಿದ್ದವು, ಹುಲ್ಲಿನ ಕೊಯ್ಲು ಬಂದರೆ ಹೆಂಗಸರು ಬುತ್ತಿ ಹೊತ್ತು ಹೊಲಕ್ಕೆ ಹೋಗುತ್ತಿದ್ದರು. ಈಗಲೂ ಅಲ್ಲಿರುವ ರೈತನೊಬ್ಬ, ಅಜ್ಜಿಯ ಬಾಲ್ಯದ ಗೆಳತಿಯ ಮಗ, ಆಗಾಗ ಅವರೊಂದಿಗೆ ವಿಡಿಯೋದಲ್ಲಿ ಮಾತಾಡುತ್ತಾನೆ. ಕಾಲ್ ಮಾಡಿಕೊಡುವುದು ನನ್ನ ಕೆಲಸ. ಹಾಗಾಗಿ ಊರಿನ ಈಗಿನ ಸಮಾಚಾರವೂ ನನಗೆ ಬಾಯಿಪಾಠ. ಕಮ್ಮಾರನ ಕುಲುಮೆಯಲ್ಲಿ ಈಗ ಯೋಗ ಹೇಳಿಕೊಡುತ್ತಾರೆ. ಮುಚ್ಚಿದ ಶಾಲೆಯನ್ನು ಕೊಂಡವರು ಶನಿವಾರ ಬಂದು ಭಾನುವಾರ ಹೋಗುತ್ತಾರೆ. ಹಾಲು ಕರೆಯುವುದು ಮೆಷಿನ್ನು. ಹಸುಗಳು ತಾವೇ ಸಾಲಿನಲ್ಲಿ ನಿಂತು ಕರೆಸಿಕೊಳ್ಳುತ್ತವಂತೆ. ಊರಿನಲ್ಲಿ ಶಿಸ್ತು ಉಳಿದಿರುವುದು ಅವಕ್ಕೆ ಮಾತ್ರ ಎಂದು ರೈತ ಗೊಣಗುತ್ತಾನೆ.

ಒಂದು ಶುಕ್ರವಾರ ಬೆಳಿಗ್ಗೆ, ಅಲ್ಲಿ ಆಗ ಸಂಜೆ, ಅವನೇ ಕಾಲ್ ಮಾಡಿದ. ಮುಖ ಸಪ್ಪಗಿತ್ತು. ಹಳೆಯ ಕಣಜವನ್ನು ಕೊಂಡ ಲಂಡನ್ನಿನವನು ಹೊಲದಿಂದ ಚರ್ಚಿಗೆ ಹೋಗುವ ಕಾಲುದಾರಿಗೆ ಮಾರನೆಯ ದಿನವೇ ಬೇಲಿ ಹಾಕುತ್ತಾನಂತೆ. ದಾರಿ ತನ್ನ ಜಮೀನಿನೊಳಗೆ ಬರುತ್ತದೆ ಎಂದು ಅವನ ವಾದ. ಹಳೆಯ ಗಡಿಕಲ್ಲು ಸಿಕ್ಕರೆ ಅದು ಸುಳ್ಳಾಗುತ್ತದೆ. ಆದರೆ ಕಲ್ಲು ಮಣ್ಣಿನಲ್ಲಿ ಹೂತುಹೋಗಿದೆ, ಎಲ್ಲಿ ಎಂದು ಯಾರಿಗೂ ಗೊತ್ತಿಲ್ಲ.

ಅಜ್ಜಿ ಕುರ್ಚಿಯ ಕೈ ಬಿಗಿಯಾಗಿ ಹಿಡಿದರು. "ಆ ದಾರೀಲೇ ನಮ್ಮಮ್ಮನ್ನ ಮಣ್ಣಿಗೆ ಹೊತ್ಕೊಂಡು ಹೋಗಿದ್ದು," ಎಂದರು.

ಆಮೇಲೆ ಅವರು ಹೇಳಿದ ಪದ್ಧತಿ ಕೇಳಿ ನನಗೆ ನಗು ಬಂತು. ವರ್ಷಕ್ಕೊಮ್ಮೆ ಊರಿನವರೆಲ್ಲ ಕೋಲು ಹಿಡಿದು ಗಡಿಯುದ್ದಕ್ಕೂ ನಡೆಯುವುದು, ಪ್ರತಿ ಗಡಿಕಲ್ಲಿನ ಹತ್ತಿರ ಒಂದು ಮಗುವನ್ನು ಎತ್ತಿ ಅದರ ಮೇಲೆ ಕುಕ್ಕುವುದು. ನೋವಾದರೆ ಜಾಗ ಸಾಯುವವರೆಗೂ ನೆನಪಿರುತ್ತದೆ! ಕಳೆದುಹೋದ ಕಲ್ಲಿನ ಮೇಲೆ ಕುಕ್ಕಿಸಿಕೊಂಡವರಲ್ಲಿ ಉಳಿದಿರುವುದು ಅಜ್ಜಿಯೊಬ್ಬರೇ. ಆದರೆ ಅವರಿಗೆ ನಿನ್ನೆ ತಿಂದದ್ದೇ ಇಂದು ನೆನಪಿರುವುದಿಲ್ಲ. ಇದು ಇನ್ನೂ ಹೆಚ್ಚಾಗುತ್ತದೆ ಎಂದು ಡಾಕ್ಟರು ಹೇಳಿದ್ದರು.

"ಕಲ್ಲಿನ ಮೇಲಿಂದ ನೋಡಿದ್ರೆ ಚರ್ಚಿನ ತುದೀಲಿ ಗಾಳಿ ದಿಕ್ಕು ತೋರಿಸೋ ತಗಡಿನ ಹುಂಜ ಪಬ್ಬಿನ ಚಿಮಣಿ ಮೇಲೇ ಕೂತ ಹಾಗೆ ಕಾಣುತ್ತೆ," ಎಂದರು ಅಜ್ಜಿ. ಪಬ್ಬಿಗೆ ಇದ್ದದ್ದು ಎರಡು ಚಿಮಣಿ. ಎಡಗಡೆಯದೋ ಬಲಗಡೆಯದೋ ಅವರಿಗೆ ನೆನಪಾಗಲಿಲ್ಲ.

ಮೈಸೂರಿನ ಪೇಟೆಬೀದಿಯಲ್ಲಿ ಬೆಳೆದ ನನಗೆ ಹೊಲದ ಬದು ಎಂದರೇನು ಗೊತ್ತು? ಮಗಳ ಮನೆಗೆಂದು ಬಂದಿದ್ದ ನಮ್ಮತ್ತೆ ಮಾತ್ರ ಮದ್ದೂರಿನ ಕಡೆಯವರು. ನಾನು ವಿಷಯ ತಿಳಿಸಿದ್ದೇ ತಡ, ಸೆರಗು ಸಿಕ್ಕಿಸಿಕೊಂಡು ಎದ್ದರು. "ಬಾಂದು ಕಲ್ಲು ಅಲ್ವೇ? ನಡೀರಿ ಅಳಿಯಂದ್ರೆ. ಊರನ್ನ ಬೀದೀಲಿ ಹೂಡಿ ನೋಡೋಣ."

ಹೂಡಿದೆವು. ಎದುರು ಮನೆಯವರ ಬಾಸ್ಕೆಟ್‌ಬಾಲ್ ಕಂಬವೇ ಚರ್ಚು. ರಸ್ತೆಯ ಪಕ್ಕ ಇಟ್ಟಿದ್ದ ಎರಡು ಕಸದ ಡಬ್ಬಗಳು, ಒಂದು ನೀಲಿ, ಒಂದು ಬೂದು, ಪಬ್ಬಿನ ಚಿಮಣಿಗಳು. ನಮ್ಮ ಅಂಗಳದಲ್ಲಿ ಅಂದಕ್ಕೆಂದು ಹಾಕಿಸಿದ್ದ ಬಂಡೆ ಗಡಿಕಲ್ಲು. ಅತ್ತೆ ಅದಕ್ಕೆ ನೀರು ಹಾಕಿ ಕುಂಕುಮ ಇಟ್ಟೇಬಿಟ್ಟರು. ಅಜ್ಜಿ ಬಂಡೆಯ ಪಕ್ಕ ಕುರ್ಚಿಯಲ್ಲಿ ಕೂತು ಬಹಳ ಹೊತ್ತು ಕಣ್ಣು ಕಿರಿದು ಮಾಡಿ ನೋಡಿ, "ನೀಲಿ!" ಎಂದರು.

ಅಷ್ಟರಲ್ಲಿ ಕಸದ ಲಾರಿ ಬಂದು ಪಬ್ಬನ್ನು ಎತ್ತಿ ಖಾಲಿ ಮಾಡಿ ಕೆಳಗಿಟ್ಟು ಹೋಯಿತು. ಸೊಟ್ಟಗಿದ್ದ ಡಬ್ಬಗಳನ್ನು ಅತ್ತೆ ನೀಟಾಗಿ ಜೋಡಿಸಿದರು. ಜೋಡಿಸುವಾಗ ಅದಲು ಬದಲಾಯಿತು. ನಾನು ಅದನ್ನು ಗಮನಿಸದೆ ನೀಲಿ ಈಗ ಎಲ್ಲಿದೆಯೋ ಅದನ್ನೇ ರೈತನಿಗೆ ಹೇಳಿದೆ: ಬಲ. ಅವನು ಫೋನು ಜೇಬಿಗಿಟ್ಟು ಅಗೆದ. ಸಿಕ್ಕಿದ್ದು ಲಂಡನ್ನಿನವನ ಕಕ್ಕಸಿನ ಪೈಪು. ಜೇಬಿನೊಳಗಿಂದ ಕೇಳಿಬಂದ ಬೈಗುಳವನ್ನು ಅತ್ತೆಗೆ ನಾನು ಅನುವಾದಿಸಲಿಲ್ಲ.

ತಪ್ಪು ಎಲ್ಲಿ ಆಯಿತೆಂದು ಗೊತ್ತಾದರೂ, ಅಜ್ಜಿ ಖಚಿತವಾಗಿ ಹೇಳದೆ ಇನ್ನೊಮ್ಮೆ ಅಗೆಯಲು ರೈತ ಒಪ್ಪಲಿಲ್ಲ. ಅಜ್ಜಿಯನ್ನೇ ಮತ್ತೆ ಕೇಳಿದೆ. ಅವರು ಡಬ್ಬಗಳನ್ನು ನೋಡಿದರು, ನನ್ನನ್ನು ನೋಡಿದರು. "ನೀಲಿ ಅಂದ್ನಾ? ಯಾಕಂದೆ? ನೆನಪಿಗೆ ಬರ್ತಿಲ್ಲ. ಹೋಗ್ಬಿಟ್ಟಿದೆ," ಎಂದು ಅತ್ತೇಬಿಟ್ಟರು. ನನಗೆ ನಗು ಎಲ್ಲಿ ಹೋಯಿತೋ. ಆ ಬೇಲಿಯನ್ನು ನನ್ನ ಎದೆಯ ಮೇಲೇ ಹಾಕುತ್ತಿದ್ದಾರೆ ಅನ್ನಿಸಿತು.

ಇಂಗ್ಲಿಷ್ ಬಾರದ ಅತ್ತೆಗೆ ಎಲ್ಲವೂ ಅರ್ಥವಾಗಿತ್ತು. "ಏಟು ತಿಂದು ಕಲಿತದ್ದು ಕುರ್ಚಿ ಮೇಲೆ ಕೂತ್ರೆ ಬತ್ತದಾ? ಕುಕ್ಬೇಕು."

"ಅಜ್ಜಿಗೆ ಸೊಂಟದ ಆಪರೇಷನ್ ಆಗಿದೆ, ಅತ್ತೆ."

"ಅವರನ್ನ ಯಾರು ಕುಕ್ಕಿ ಅಂದ್ರು? ನೀವಿಲ್ವೇ!"

ಹೆಂಡತಿ ಸೌತ್ ಲೇಕ್ ಯೂನಿಯನ್ ಬಡಾವಣೆಯ ತನ್ನ ಆಫೀಸಿನ ಮೀಟಿಂಗಿನಲ್ಲಿದ್ದಳು, ಮನೆಯಿಂದಲೇ. ಹೆಡ್‌ಸೆಟ್ ಕಿವಿಯಲ್ಲಿಟ್ಟುಕೊಂಡೇ ಬಂದು ಒಂದು ರಟ್ಟೆ ಹಿಡಿದಳು. ಇನ್ನೊಂದನ್ನು ಅತ್ತೆ ಹಿಡಿದರು. ಅಳಿಯನಿಗೆ ಮರ್ಯಾದೆ ಎಂದು ನನ್ನೆದುರು ಕುರ್ಚಿಯ ಮೇಲೂ ಕೂರದ ಹೆಂಗಸು! ಇಬ್ಬರೂ ಎತ್ತಿದರು, ಕುಕ್ಕಿದರು.

"ಅಯ್ಯಯ್ಯಪ್ಪೋ!" ಎಂದು ಬೀದಿಗೆಲ್ಲ ಕೇಳುವಂತೆ ಕಿರುಚಿದೆ. ಹೆಂಡತಿ ಮ್ಯೂಟ್ ಮಾಡಿರಲಿಲ್ಲವಾದ್ದರಿಂದ ಆಫೀಸಿಗೂ ಕೇಳಿತು.

ಅಜ್ಜಿ ತಟ್ಟನೆ ತಲೆಯೆತ್ತಿದರು. "ಹೊಗೆ! ನಾನು ಹೀಗೇ ಕಿರುಚ್ಕೊಂಡು ಮೇಲೆ ನೋಡಿದೆ. ಹುಂಜ ಹೊಗೆ ಒಳಗೆ ನಿಂತಿತ್ತು. ಅಪ್ಪ ನೆನಪಿಟ್ಕೋ ಅಂದ್ರು."

"ಅಡುಗೆಮನೆ ಚಿಮಣಿ!" ಎಂದು ರೈತ ಆ ಕಡೆಯಿಂದ ಕೂಗಿದ. "ಎಡಗಡೆದು. ಹೊಗೆ ಬರ್ತಿದ್ದದ್ದು ಅದರಲ್ಲಿ ಮಾತ್ರ." ಹುಂಜವನ್ನು ಎಡ ಚಿಮಣಿಗೆ ಸರಿಯಾಗಿ ಹೊಂದಿಸಿ ನಿಂತು ಮತ್ತೆ ಅಗೆದ. ಗುದ್ದಲಿ ಠಣ್ಣೆಂದಿತು. ಅತ್ತೆ ಕೈ ಮುಗಿದರು, ನಾನು ಸೊಂಟ ಹಿಡಿದುಕೊಂಡೇ ಕೂತಿದ್ದೆ.

ಬೇಲಿ ಏಳಲಿಲ್ಲ. ದಾರಿ ತೆರೆದೇ ಇದೆ. ಮುಂದೆ ತಕರಾರು ಬಂದರೆ ಯಾರನ್ನು ಕೇಳಬೇಕು ಎಂದು ರೈತ ಕೇಳಿದಾಗ ಅಜ್ಜಿ ನನ್ನ ಕಡೆ ಬೆರಳು ತೋರಿಸಿದರು. "ಇವರನ್ನ ಕೇಳು. ನನಗೆ ಮರೆತುಹೋಗುತ್ತೆ."

ಹಾಗೆಯೇ ಆಯಿತು. ಅಜ್ಜಿ ಈಗ ಈಸ್ಟ್‌ಗೇಟ್ ಹತ್ತಿರದ ಆರೈಕೆಯ ಮನೆಯಲ್ಲಿದ್ದಾರೆ. ನಾನು ಯಾರೆಂದು ಗೊತ್ತಾಗುವುದಿಲ್ಲ. ಹೋದಾಗಲೆಲ್ಲ ನಾನು ಹುಂಜ, ಹೊಗೆ, ಹೊಲ, ಚರ್ಚಿನ ದಾರಿ ಎಲ್ಲವನ್ನೂ ಹೇಳುತ್ತೇನೆ. ಕಳೆದ ವಾರ ಗಮನವಿಟ್ಟು ಕೇಳಿದರು.

"ಚೆನ್ನಾಗಿದೆ. ನಿಮ್ಮ ಊರಾ ಅದು?"

"ಹೌದು," ಎಂದೆ.

"ಆ ದಾರೀಲಿ ನಾನು ನಡೀಬಹುದಾ? ನಿಮ್ಮವರು ಏನೂ ಅನ್ನಲ್ವಾ?"

"ಯಾರೂ ಏನೂ ಅನ್ನಲ್ಲ ಅಜ್ಜಿ, ಧಾರಾಳವಾಗಿ ನಡೀರಿ," ಎಂದೆ.