ಪಾವಿನ ಕೋಲಿಗೆ ಕಟ್ಟಿದ ಫೋನು

ನನಗೆ ಪದವಿ ಕೊಡುವ ದಿನವೇ ನಮ್ಮ ಬೀದಿಯಲ್ಲಿ ನಮ್ಮ ಮನೆಯ ಪಾವು ಹಾಕಬೇಕಾಗಿ ಬಂತು. ಪಾವು ಎಂದರೆ ಮಗ್ಗಕ್ಕೆ ಏರಿಸುವ ಉದ್ದನೆಯ ಹಾಸುನೂಲು. ಅದನ್ನು ಬೀದಿಯುದ್ದಕ್ಕೂ ಕೋಲುಗಳ ಮೇಲೆ ಎಳೆದು ಕಟ್ಟಿ, ಗಂಜಿ ಹಚ್ಚಿ, ಒಣಗುವ ಮೊದಲೇ ಬ್ರಷ್ಷಿನಿಂದ ಉಜ್ಜಬೇಕು. ನಡುವೆ ಬಿಟ್ಟು ಹೋದರೆ ಎಳೆಗಳೆಲ್ಲ ಅಂಟಿಕೊಳ್ಳುತ್ತವೆ. ಎರಡು ದಿನ ಮಳೆ ಜಿನುಗಿ ಕೆಲಸ ಮುಂದಕ್ಕೆ ಹೋಗಿತ್ತು. ಒಬ್ಬರ ಪಾವಿಗೆ ಬೀದಿಯವರೆಲ್ಲ ಸೇರುವುದು ನಮ್ಮ ಪದ್ಧತಿ. ಬೀದಿಯೇ ಬಂದು ನಿಂತಾಗ ಮನೆಯವರೇ ಇಲ್ಲ ಎಂದರೆ ಹೇಗೆ?

ಅಪ್ಪ ಓದಿದ್ದು ಐದನೇ ಕ್ಲಾಸು, ಅಮ್ಮ ಮೂರು. ನಮ್ಮ ಮನೆತನದಲ್ಲಿ ಕಾಲೇಜಿಗೆ ಹೋದವಳು ನಾನೇ ಮೊದಲು. ನಮ್ಮೂರು ಅನ್ನೂರಿನಿಂದ ಕೊಯಮತ್ತೂರಿಗೆ ಮೂರು ವರ್ಷ ಟೌನ್ ಬಸ್ಸಿನಲ್ಲಿ ನಿಂತೇ ಹೋಗಿ ಬಂದು ಪಡೆದ ಪದವಿ. ಅದನ್ನು ಕೈಗೆ ಕೊಡುವಾಗ ಅಪ್ಪ ನೋಡಲೇಬೇಕು ಎಂಬುದೊಂದೇ ನನ್ನ ಹಟ.

ಆಗಷ್ಟೇ ನಾವೆಲ್ಲ ಇದ್ದ ಸೋಷಿಯಲ್ ಮೀಡಿಯಾ ತಾಣ ಲೈವ್ ವಿಡಿಯೊವನ್ನು ಪರೀಕ್ಷೆಗೆ ಬಿಟ್ಟಿತ್ತು. ಅದೂ ಕೆಲವರಿಗೆ ಮಾತ್ರ. ನನಗೆ ಬರಲಿಲ್ಲ, ಗೆಳತಿಯ ಫೋನಿಗೆ ಬಂತು. ಅವಳು ಸಭಾಂಗಣದಿಂದ ತೋರಿಸುವುದು, ಅಪ್ಪ ಬೀದಿಯಲ್ಲಿ ನಿಂತೇ ನೋಡುವುದು ಎಂದು ಮಾತಾಯಿತು. ಅಮ್ಮನ ಫೋನಿನಲ್ಲಿ ಖಾತೆ ತೆರೆದು, ಕೆಂಪು ಗುರುತು ಕಂಡರೆ ಒತ್ತು ಎಂದು ಹೇಳಿಕೊಟ್ಟು ಬಂದೆ. ಲೈವ್ ಮಾಡುವ ಕೆಂಪು ಗುಂಡಿಯೂ ಬೆಳಗಾಗುವಷ್ಟರಲ್ಲಿ ಅಮ್ಮನ ಫೋನಿಗೂ ಬಂದು ಕೂತಿರುತ್ತದೆ ಎಂದು ಯಾರು ಕಂಡಿದ್ದರು?

ಕರಿ ನಿಲುವಂಗಿ ಹಾಕಿ ಸಾಲಿನಲ್ಲಿ ನಿಂತಿದ್ದೆ. ನನ್ನ ಮುಂದೆ ಹತ್ತು ಮಂದಿ. ಫೋನು ಗುಂಯ್ ಎಂದಿತು. ಅಮ್ಮ ಲೈವ್‌ನಲ್ಲಿದ್ದಾರೆ ಎಂಬ ಸೂಚನೆ. ನನ್ನನ್ನು ನೋಡಲು ಹೋಗಿ ತನ್ನದೇ ಲೈವ್ ಗುಂಡಿ ಒತ್ತಿಬಿಟ್ಟಿದ್ದಳು. ತೆರೆದರೆ ಪರದೆಯ ತುಂಬ ಅಪ್ಪನ ಮುಖ, ಕೆನ್ನೆಯ ಮೇಲೆ ಗಂಜಿ. ಫೋನನ್ನು ಪಾವಿನ ಕೋಲಿಗೆ ನೂಲಿನಿಂದ ಕಟ್ಟಿದ್ದರು.

"ನಾನೇ ಕಾಣ್ತಾ ಇದೀನಿ. ಅಮ್ಮಣಿ ಎಲ್ಲಿ?" ಎಂದರು ಅಪ್ಪ. ಅಮ್ಮಣಿ ಎಂದರೆ ನಾನು, ಮನೆಯಲ್ಲಿ ಕರೆಯುವುದೇ ಹಾಗೆ.

"ನೀವ್ ಅಡ್ಡ ನಿಂತಿದೀರಿ, ಅದ್ಕೇ ಅವ್ಳು ಕಾಣ್ತಿಲ್ಲ. ಆಚೆ ಸರೀರಿ," ಎಂದಿತು ಅಮ್ಮನ ಧ್ವನಿ.

ಅಪ್ಪ ನಿಜವಾಗಿಯೂ ಸರಿದರು. ಅವರ ಹಿಂದೆ ಬೀದಿಯುದ್ದಕ್ಕೂ ಬಿಳಿ ಪಾವು, ಎರಡೂ ಕಡೆ ಬ್ರಷ್ ಹಿಡಿದ ನಮ್ಮವರು. ನಾನು ಫೋನ್ ಮಾಡಿದೆ. ಅಮ್ಮ ಕಟ್ ಮಾಡಿದಳು. ಮಗಳು ಬರುವ ಹೊತ್ತಿಗೆ ಯಾರದೋ ಫೋನು ಅಡ್ಡ ಬಂತು ಎಂದು ಬೈದದ್ದೂ ನನಗೆ ಕೇಳಿಸಿತು.

ಹಿಂದಿದ್ದವರು ಕತ್ತು ಚಾಚಿ ನೋಡತೊಡಗಿದ್ದರು. ಅಪ್ಪನಿಗೆ ಟೆಕ್ಸ್‌ಟೈಲ್ ವ್ಯಾಪಾರ ಎಂದು ಮೂರು ವರ್ಷ ಹೇಳಿಕೊಂಡು ತಿರುಗಿದ್ದವಳು ನಾನು. ಯಾವ ಊರು ಇದು ಎಂದು ಒಬ್ಬಳು ಕೇಳಿದಳು. ನಮ್ಮ ಬೀದಿ, ಅವರು ನಮ್ಮಪ್ಪ, ನೇಯುವವರು ಎಂದು ತಮಿಳಿನಲ್ಲಿ ಗಟ್ಟಿಯಾಗಿಯೇ ಹೇಳಿದೆ. ಹೇಳುವುದು ಅಷ್ಟು ಸುಲಭ ಎಂದು ಗೊತ್ತಿದ್ದರೆ ಮೊದಲ ದಿನವೇ ಹೇಳಿಬಿಡುತ್ತಿದ್ದೆ. ಸಾಲಿನಲ್ಲಿದ್ದವರೆಲ್ಲ ತಮ್ಮ ಫೋನುಗಳಲ್ಲೂ ಲೈವ್ ತೆರೆದು ಅಪ್ಪನಿಗೆ ಹೃದಯದ ಚಿತ್ರ ಕಳಿಸಿದ್ದೇ ಕಳಿಸಿದ್ದು. ಅಷ್ಟರಲ್ಲಿ ನನ್ನ ಹೆಸರು ಕೂಗಿದರು. ನಾನು ಪದವಿ ತೆಗೆದುಕೊಂಡೆ. ಅಪ್ಪ ನೋಡಲಿಲ್ಲ.

ಮಧ್ಯಾಹ್ನ ಊರಿಗೆ ಬಂದಾಗ ಪಾವು ಸುತ್ತಿಟ್ಟಾಗಿತ್ತು, ಕೋಲುಗಳು ಇನ್ನೂ ನಿಂತಿದ್ದವು. ಗೆಳತಿಯ ವಿಡಿಯೊ ಇದೆ, ತೋರಿಸುತ್ತೇನೆ ಎಂದೆ. ಅಪ್ಪ ಒಪ್ಪಲಿಲ್ಲ.

"ಮುಗ್ದೋದ್ನ ಯಾಕ್ ನೋಡೋದು, ನನ್ ಕಣ್ಣು? ನೀ ಇಲ್ಲೇ ಇನ್ನೊಂದ್ಸಲ ನಡಿ. ನಾ ನೋಡ್ತೀನಿ."

ನಿಲುವಂಗಿ ಅಲ್ಲೇ ವಾಪಸು ಕೊಟ್ಟು ಬಂದಿದ್ದೆ. ಎದುರು ಮನೆಯ ಅಜ್ಜಿ ಮಗ್ಗದಿಂದ ಆಗಷ್ಟೇ ಇಳಿಸಿದ ಸೀರೆ ತಂದು ನನ್ನ ಹೆಗಲಿಗೆ ಹೊದಿಸಿದರು. ಮಾವಿನ ಎಲೆ ಹಾಕಿದ ನೀರಿನಲ್ಲಿ ಕಾಲು ತೊಳೆಸಿದರು. ನಾನು ಕೋಲುಗಳ ನಡುವೆ ನಡೆದೆ, ಬೀದಿಯವರು ಚಪ್ಪಾಳೆ ತಟ್ಟಿದರು. ಆ ಕೊನೆಯಲ್ಲಿ ಅಪ್ಪ ಗಂಜಿ ಹೋಗುವ ತನಕ ಎರಡು ಸಲ ಕೈ ತೊಳೆದು, ಪಂಚೆಗೆ ಒರೆಸಿಕೊಂಡು, ಪದವಿಪತ್ರವನ್ನು ಎರಡೂ ಕೈಯಲ್ಲಿ ಹಿಡಿದು ಕಾದಿದ್ದರು.

ಅಮ್ಮ ಈ ಸಲ ಬೇಕೆಂದೇ ಕೆಂಪು ಗುಂಡಿ ಒತ್ತಿ, ಫೋನನ್ನು ಅದೇ ಕೋಲಿಗೆ ಕಟ್ಟಿದಳು. ಸರಿಯಾಗಿ ಬರುತ್ತಿದೆಯೋ ಇಲ್ಲವೋ ಎಂದು ಬಗ್ಗಿ ಬಗ್ಗಿ ನೋಡುತ್ತಿದ್ದಳು. ಕಾಲೇಜಿನವರು ಒಬ್ಬೊಬ್ಬರಾಗಿ ಲೈವ್ ನೋಡಲು ಬಂದು ಸೇರಿಕೊಂಡರು. ಅಪ್ಪ ಪತ್ರವನ್ನು ನನ್ನ ಕೈಗೆ ಕೊಡದೆ ಹಾಗೇ ನಿಂತರು.

"ಈಗ್ ನೀ ಅಡ್ಡ ನಿಂತಿದೀಯ," ಎಂದರು ಅಮ್ಮನಿಗೆ. "ಆಚೆ ಸರಿ. ನನ್ ಮಗ್ಳು ಕಾಣ್ಬೇಕು."